ಒಂದು ಕೋಟಿ ಪೌಂಡಿನ ಪ್ರಶ್ನೆ

೧೯೯೦ನೆಯ ಇಸವಿಯಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯದ ಮುಂದೆ ವಿಚಿತ್ರವಾದ ಒಂದು ವ್ಯಾಜ್ಯವು ಬಂದಿತು. ವಾದಿಯು ಒಂದು ಹಳೆಯ ಮೋಟಾರು ಗಾಡಿಯ ಒಡೆಯ. ಪ್ರತಿವಾದಿಯು ಅದನ್ನು ಕೊಳ್ಳಲು ಒಪ್ಪಿ, ಅನಂತರ ಹಿಂದೆ ಸರಿದ ಒಂದು ಕಂಪನಿ. ಗೊತ್ತಾಗಿದ್ದ ಬೆಲೆ ಒಂದು ಕೋಟಿ ಪೌಂಡು. ಇಷ್ಟು ಹಣಕ್ಕೆ ಅರಮನೆಗಳೇ ದೊರೆಯುತ್ತಿದ್ದವು. ಆದರೆ ಈ ಗಾಡಿಯು ಸಾಮಾನ್ಯವಾದುದಲ್ಲ. ಫ್ರಾನ್ಸಿನ ಲ ಮಾನ್ ಪಟ್ಟಣದಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಎರಡು ವರ್ಷ ಒಂದರ ಮೇಲೊಂದರಂತೆ ಗೆದ್ದು, ಇಂಗ್ಲೆಂಡಿನ ಮೋಟಾರು ಚರಿತ್ರೆಯಲ್ಲಿ ಪುರಾಣಪುರುಷನ ಸ್ಥಾನವನ್ನು ಪಡೆದ ಬೆಂಟ್ಲಿ ಗಾಡಿ ಅದು. ‘ಓಲ್ಡ್ ನಂಬರ್ ವನ್’, ಎಂದರೆ ಹಳೆಯ ಒಂದನೇ ನಂಬರು, ಎಂಬುದು ಅದರ ಅಡ್ಡಹೆಸರು.

ಕೊಳ್ಳುವವರ ತಕರಾರು ಹೀಗಿದ್ದಿತು: ತಮಗೆ ಕೊಡಹೊರಟಿರುವ ಗಾಡಿ ಆ ಗಾಡಿಯೇ ಅಲ್ಲ, ಅರುವತ್ತು ವರ್ಷಗಳಲ್ಲಿ ಅದರ ಅಂಗಾಂಗಗಳೆಲ್ಲ ಬದಲಾಗಿ ಹೋಗಿವೆ, ಉಳಿದಿರುವುದು ಹೆಸರು ಮಾತ್ರ. ಒಡೆಯನ ಉತ್ತರವೂ ಅಷ್ಟೇ ಸರಳವಾಗಿದ್ದಿತು: ಅಂಗಗಳು ಬದಲಾದುದು ನಿಜ, ಆದರೆ ಗಾಡಿಯು ಬದಲಾಗಲಿಲ್ಲ.

ತರ್ಕಶಾಸ್ತ್ರದ ಪಂಡಿತರು ಜಗುಲಿಯಲ್ಲಿ ಕುಳಿತು ಚರ್ಚಿಸಬಹುದಾದ ಪ್ರಶ್ನೆಯೊಂದು ಈ ರೀತಿ ನ್ಯಾಯಪೀಠವನ್ನು ಏರಿತು. ಅದಕ್ಕೆ ದೊರೆತ ಉತ್ತರವನ್ನು ತಿಳಿಯಬೇಕಾದರೆ ಆ ಗಾಡಿಯ ಹುಟ್ಟು, ಬಾಳು, ಪೆಟ್ಟು, ಪುನರ್ಜನ್ಮಗಳನ್ನು ಮೊದಲಿನಿಂದ ನೋಡಬೇಕು.

ರೈಲ್ವೆ ಕಾರ್ಖಾನೆಯಿಂದ ಬಂದವನು

ವಾಲ್ಟರ್ ಓವೆನ್ ಬೆಂಟ್ಲಿ ೧೮೮೮ರಲ್ಲಿ ಹುಟ್ಟಿದವನು. ಯೌವನದಲ್ಲಿ ಅವನು ಡಾನ್‌ಕ್ಯಾಸ್ಟರಿನ ರೈಲ್ವೆ ಕಾರ್ಖಾನೆಯಲ್ಲಿ ಉಮೇದುವಾರನಾಗಿ ಕೆಲಸ ಕಲಿತನು. ಉಗಿಬಂಡಿಯ ಮೇಲಿನ ಆ ಬಾಲ್ಯದ ಮೋಹವು ಅವನನ್ನು ಎಂದಿಗೂ ಬಿಡಲಿಲ್ಲ. ೧೯೧೯ರಲ್ಲಿ ಅವನು ತನ್ನ ಹೆಸರಿನಲ್ಲಿಯೇ ಕಂಪನಿಯನ್ನು ಸ್ಥಾಪಿಸಿದನು. ಲಂಡನ್ನಿನ ಕ್ರಿಕಲ್‌ವುಡ್ ಎಂಬಲ್ಲಿ ಕಾರ್ಖಾನೆಯು ಎದ್ದಿತು. ಮೊದಲು ಮೂರು ಲೀಟರಿನ ಎಂಜಿನ್ನು, ಅನಂತರ ಆರೂವರೆ ಎಂದು ಅವನ ಗಾಡಿಗಳು ಬೆಳೆಯುತ್ತ ಹೋದವು. ಹಗುರವಾದ ಗಾಡಿಗಳನ್ನು ಕಟ್ಟುತ್ತಿದ್ದ ಎಟೋರೆ ಬುಗಾಟಿಯು, ಬೆಂಟ್ಲಿಯ ಗಾಡಿಗಳು ಪ್ರಪಂಚದಲ್ಲಿಯೇ ಅತ್ಯಂತ ವೇಗವಾಗಿ ಓಡುವ ಲಾರಿಗಳು ಎಂದು ಕುಹಕವಾಡಿದನೆಂದು ಪ್ರತೀತಿ. ಕುಹಕವಾದರೂ ಅದರಲ್ಲಿ ಸತ್ಯವಿದ್ದಿತು. ಅವು ಭಾರವಾಗಿದ್ದವು, ಆದರೆ ಮುರಿಯುತ್ತಿರಲಿಲ್ಲ.

ಆರೂವರೆ ಲೀಟರಿನ ಗಾಡಿಯನ್ನು ಇನ್ನಷ್ಟು ಚುರುಕುಗೊಳಿಸಿ ೧೯೨೮ರಲ್ಲಿ ಹೊರತಂದುದೇ ‘ಸ್ಪೀಡ್ ಸಿಕ್ಸ್’. ಒಂದು ಸಾಲಿನಲ್ಲಿ ಆರು ಸಿಲಿಂಡರುಗಳು. ಒಂದೊಂದಕ್ಕೂ ನಾಲ್ಕು ಕವಾಟಗಳು. ಈ ಕವಾಟಗಳನ್ನು ಆಡಿಸುವ ದಂಡವು ಎಂಜಿನ್ನಿನ ನೆತ್ತಿಯ ಮೇಲೆ ಇದ್ದಿತು. ಅದನ್ನು ತಿರುಗಿಸಲು ಇತರರು ಸರಪಣಿಯನ್ನೋ ಹಲ್ಲಿನ ಚಕ್ರಗಳನ್ನೋ ಬಳಸುತ್ತಿದ್ದಾಗ, ಬೆಂಟ್ಲಿಯು ಮೂರು ಕೂಡುಸಲಾಕೆಗಳನ್ನು ಬಳಸಿದನು. ರೈಲಿನ ಉಗಿಬಂಡಿಯ ಚಕ್ರದಿಂದ ಚಕ್ರಕ್ಕೆ ಹಾದುಹೋಗಿ ಮೇಲಕ್ಕೂ ಕೆಳಕ್ಕೂ ಆಡುವ ಸಲಾಕೆಯನ್ನು ಕಂಡವರಿಗೆ ಇದರ ಮೂಲವು ಕೂಡಲೇ ಹೊಳೆಯುತ್ತದೆ. ಡಾನ್‌ಕ್ಯಾಸ್ಟರಿನ ಹುಡುಗನು ತನ್ನ ಮೊದಲ ಪಾಠವನ್ನು ಮರೆತಿರಲಿಲ್ಲ. ಈ ಮಾದರಿಯ ಗಾಡಿಗಳು ತಯಾರಾದುದು ೧೮೨ ಮಾತ್ರ. ಅವುಗಳಲ್ಲಿ ‘ಎಲ್‌ಬಿ ೨೩೩೨’ ಎಂಬ ಚಾಸಿಸ್ ಸಂಖ್ಯೆಯನ್ನು ಹೊತ್ತು, ಪಂದ್ಯಕ್ಕೆಂದೇ ಸಿದ್ಧವಾದ ಗಾಡಿಯೇ ನಮ್ಮ ಕಥಾನಾಯಕ.

ವಜ್ರದ ಗಣಿಯ ಮಗ

ಒಳ್ಳೆಯ ಯಂತ್ರಜ್ಞನಾದ ಬೆಂಟ್ಲಿಗೆ ಹಣದ ವ್ಯವಹಾರವು ಒಲಿಯಲಿಲ್ಲ. ಕಂಪನಿಯು ಸಾಲದಲ್ಲಿ ಮುಳುಗುತ್ತಿದ್ದಾಗ ಅದಕ್ಕೆ ಕೈಕೊಟ್ಟು ಎತ್ತಿದವನು ವುಲ್ಫ್ ಬಾರ್ನಾಟೋ. ಇವನ ತಂದೆ ಬಾರ್ನಿ ಬಾರ್ನಾಟೋ ದಕ್ಷಿಣ ಆಫ್ರಿಕದ ಕಿಂಬರ್ಲಿಯ ವಜ್ರದ ಗಣಿಗಳಿಂದ ಕುಬೇರನಾದವನು. ೧೮೯೭ರಲ್ಲಿ ಹಡಗಿನಿಂದ ಸಮುದ್ರಕ್ಕೆ ಬಿದ್ದು ಸತ್ತನು. ಎರಡು ವರ್ಷದ ಕೂಸು ಅಪಾರ ಸಂಪತ್ತಿಗೆ ವಾರಸುದಾರನಾಯಿತು. ಬೆಳೆದ ಮೇಲೆ ವುಲ್ಫನು ಕುದುರೆ ಸವಾರಿ, ಕ್ರಿಕೆಟ್ಟು, ದೋಣಿ ಪಂದ್ಯ, ಎಲ್ಲದರಲ್ಲಿಯೂ ಕೈಯಾಡಿಸಿದನು. ಸರ್ರೆ ಕೌಂಟಿಯ ಪರವಾಗಿ ವಿಕೆಟ್ಟಿನ ಹಿಂದೆ ನಿಂತುದೂ ಉಂಟು. ೧೯೨೬ರಲ್ಲಿ ಬೆಂಟ್ಲಿ ಕಂಪನಿಗೆ ಹಣ ಸುರಿದು ಅದರ ಅಧ್ಯಕ್ಷನಾದನು. ಆದರೆ ಅಧ್ಯಕ್ಷನ ಕುರ್ಚಿಗಿಂತ ಗಾಡಿಯ ಚಾಲಕನ ಪೀಠವೇ ಅವನಿಗೆ ಪ್ರಿಯವಾಗಿದ್ದಿತು.

ಲ ಮಾನ್ ಪಂದ್ಯದ ಕಟ್ಟಳೆಗಳು ಕಠಿನವಾಗಿದ್ದವು. ಹತ್ತು ಮೈಲಿಗೂ ಸ್ವಲ್ಪ ಮೀರಿದ ಸುತ್ತಿನಲ್ಲಿ, ಸಾಮಾನ್ಯ ಜನರು ಓಡಾಡುವ ರಸ್ತೆಗಳ ಮೇಲೆಯೇ, ಹಗಲಿರುಳೆನ್ನದೆ ಓಡಬೇಕಾಗಿದ್ದಿತು. ಆಗ ಇಬ್ಬರು ಚಾಲಕರು ಸರದಿಯ ಮೇಲೆ ಗಾಡಿಯನ್ನು ನಡೆಸುತ್ತಿದ್ದರು. ಇಪ್ಪತ್ತನಾಲ್ಕು ಗಂಟೆ ಮುಗಿದಾಗ ಯಾರು ಹೆಚ್ಚು ದೂರ ಹೋಗಿರುವರೋ ಅವರೇ ಗೆದ್ದವರು. ಇಲ್ಲಿ ವೇಗದಷ್ಟೇ ತಾಳಿಕೆಯೂ ಮುಖ್ಯ.

೧೯೨೯ರ ಜೂನ್ ತಿಂಗಳಿನಲ್ಲಿ ನಮ್ಮ ಗಾಡಿಯು ಮೈಮೇಲೆ ಒಂದು ಎಂಬ ಅಂಕಿಯನ್ನು ಬರೆಸಿಕೊಂಡು ಆ ಕಣಕ್ಕೆ ಇಳಿಯಿತು. ಚಾಲಕರು ಬಾರ್ನಾಟೋ ಮತ್ತು ಸರ್ ಹೆನ್ರಿ ಬರ್ಕಿನ್. ಮೊದಲಿನಿಂದ ಕೊನೆಯವರೆಗೂ ಅದು ಮುಂದಾಳತ್ವವನ್ನು ಬಿಟ್ಟುಕೊಡಲಿಲ್ಲ. ಸುಮಾರು ೨೮೪೪ ಕಿಲೋಮೀಟರುಗಳನ್ನು ಓಡಿ ಅದು ಗುರಿ ಸೇರಿದಾಗ, ಎರಡನೆಯ, ಮೂರನೆಯ, ನಾಲ್ಕನೆಯ ಸ್ಥಾನಗಳೂ ಬೆಂಟ್ಲಿ ಗಾಡಿಗಳಿಗೇ ದಕ್ಕಿದ್ದವು.

ಮರುವರ್ಷದ ಪಂದ್ಯವು ಇಷ್ಟು ಸುಲಭವಾಗಿರಲಿಲ್ಲ. ಕಣಕ್ಕಿಳಿದ ಗಾಡಿಗಳು ಹದಿನೇಳೇ ಆದರೂ ಅವುಗಳಲ್ಲಿ ಒಂದು ಜರ್ಮನಿಯ ಮರ್ಸಿಡಿಸ್. ಅದರ ಚಾಲಕನು ಆ ಕಾಲದ ಮಹಾರಥಿ ರುಡಾಲ್ಫ್ ಕರಾಚಿಯೋಲ. ಬರ್ಕಿನ್ನನು ಈ ಬಾರಿ ಬೇರೊಂದು ಬೆಂಟ್ಲಿಯಲ್ಲಿದ್ದನು. ರಸ್ತೆಯಂಚಿನ ಹುಲ್ಲಿನ ಮೇಲೆ ಚಕ್ರಗಳನ್ನು ಓಡಿಸಿ ಅವನು ಮರ್ಸಿಡಿಸನ್ನು ಹಿಂದಿಕ್ಕಿದುದು ಇಂದಿಗೂ ಕಥೆಯಾಗಿ ಉಳಿದಿದೆ. ಬಾರ್ನಾಟೋ ಮತ್ತು ಗ್ಲೆನ್ ಕಿಡ್‌ಸ್ಟನ್ ಇಬ್ಬರೂ ನಮ್ಮ ಗಾಡಿಯಲ್ಲಿ ಸಮಯ ಕಾಯುತ್ತ ಬೆನ್ನಟ್ಟಿದರು. ನಡುರಾತ್ರಿ ಕಳೆದ ಮೇಲೆ ಮರ್ಸಿಡಿಸಿನ ವಿದ್ಯುತ್ತಿನ ಏರ್ಪಾಡು ಕೆಟ್ಟು ಅದು ಕಣದಿಂದ ಹೊರಗಾಯಿತು. ಬೆಳಗಿನ ಬೆಳಕಿನಲ್ಲಿ ಮುಂದೆ ಇದ್ದುದು ಬಾರ್ನಾಟೋನ ಗಾಡಿ. ಆಗ ಅದರ ಮೈಮೇಲಿದ್ದ ಅಂಕಿ ನಾಲ್ಕು. ಆದರೆ ಜನರ ಬಾಯಲ್ಲಿ ಅದು ಮುಂದೆಯೂ ‘ಹಳೆಯ ಒಂದನೇ ನಂಬರು’ ಆಗಿಯೇ ಉಳಿಯಿತು. ಬಾರ್ನಾಟೋ ಲ ಮಾನಿಗೆ ಹೋದುದು ಮೂರು ಬಾರಿ, ಗೆದ್ದುದೂ ಮೂರು ಬಾರಿ.

ಒಡೆಯನು ಮುಳುಗಿದನು, ಗಾಡಿ ಓಡಿತು

ಗೆಲುವು ಬೇರೆ, ಲಾಭ ಬೇರೆ. ೧೯೩೦ರ ಗೆಲುವಿನ ತರುವಾಯ ಬೆಂಟ್ಲಿ ಕಂಪನಿಯು ಪಂದ್ಯಗಳಿಂದ ನಿವೃತ್ತಿ ಹೊಂದಿತು. ಅಮೆರಿಕದಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟು ಇಂಗ್ಲೆಂಡನ್ನು ಮುತ್ತಿದಾಗ ಇಂತಹ ದುಬಾರಿ ಗಾಡಿಗಳನ್ನು ಕೊಳ್ಳುವವರು ಇಲ್ಲವಾದರು. ಬಾರ್ನಾಟೋ ಕೂಡ ಇನ್ನಷ್ಟು ಹಣ ಹಾಕಲು ನಿರಾಕರಿಸಿದನು. ೧೯೩೧ರ ಜುಲೈಯಲ್ಲಿ ಕಂಪನಿಯು ಸಾಲಗಾರರ ವಶಕ್ಕೆ ಹೋಯಿತು. ನೇಪಿಯರ್ ಎಂಬ ಸಂಸ್ಥೆಯು ಅದನ್ನು ಕೊಳ್ಳುವುದು ಖಚಿತವೆಂದು ಎಲ್ಲರೂ ತಿಳಿದಿದ್ದರು. ಆದರೆ ಕೊನೆಯ ಗಳಿಗೆಯಲ್ಲಿ ಹೆಸರೇ ಕೇಳದ ಒಂದು ಹಣಕಾಸಿನ ಸಂಸ್ಥೆಯು ಹೆಚ್ಚಿನ ಬೆಲೆ ಕೂಗಿ ಅದನ್ನು ಪಡೆಯಿತು. ಆ ಮುಸುಕಿನ ಹಿಂದೆ ಇದ್ದುದು ರೋಲ್ಸ್-ರಾಯ್ಸ್ ಎಂಬುದು ಸ್ವತಃ ಬೆಂಟ್ಲಿಗೂ ಅನಂತರವೇ ತಿಳಿಯಿತು. ತನ್ನ ಹೆಸರೇ ಪರರ ಸ್ವತ್ತಾದ ದುರ್ದೈವಿ ಅವನು. ೧೯೩೫ರಲ್ಲಿ ಲಗೊಂಡ ಎಂಬ ಬೇರೊಂದು ಕಂಪನಿಗೆ ಹೊರಟುಹೋದನು.

ಕಂಪನಿಯು ಹರಾಜಿನ ಅಂಚಿನಲ್ಲಿದ್ದಾಗಲೇ, ೧೯೩೧ರ ಅಕ್ಟೋಬರಿನಲ್ಲಿ, ಹಳೆಯ ಒಂದನೇ ನಂಬರು ಮತ್ತೊಂದು ದೊಡ್ಡ ಪಂದ್ಯವನ್ನು ಗೆದ್ದಿತು. ಇಂಗ್ಲೆಂಡಿನ ಬ್ರೂಕ್‌ಲೆಂಡ್ಸ್ ಎಂಬಲ್ಲಿ ೧೯೦೭ರಲ್ಲಿ ಕಾಂಕ್ರೀಟಿನಿಂದ ಕಟ್ಟಿದ ಒಂದು ಓಟದ ಕಣವಿದ್ದಿತು. ಅದರ ತಿರುವುಗಳು ಬೋಗುಣಿಯ ಒಳಬದಿಯಂತೆ ಇಳಿಜಾರಾಗಿ ಎತ್ತರಕ್ಕೆ ಎದ್ದಿದ್ದವು. ಅಲ್ಲಿ ನಡೆದ ಐನೂರು ಮೈಲಿಗಳ ಪಂದ್ಯದಲ್ಲಿ ಜಾಕ್ ಡನ್‌ಫೀ ಮತ್ತು ಸಿರಿಲ್ ಪಾಲ್ ಎಂಬವರು ಗಂಟೆಗೆ ೧೧೮ ಮೈಲಿಗೂ ಮೀರಿದ ಸರಾಸರಿ ವೇಗದಲ್ಲಿ ಗಾಡಿಯನ್ನು ಓಡಿಸಿ ಗೆದ್ದರು.

ಮುಂದಿನ ವರ್ಷ ಅದೇ ಪಂದ್ಯಕ್ಕೆ ಗಾಡಿಯನ್ನು ಮತ್ತೆ ಸಜ್ಜುಗೊಳಿಸಲಾಯಿತು. ಆರೂವರೆ ಲೀಟರಿನ ಎಂಜಿನ್ನನ್ನು ಕಳಚಿ ಎಂಟು ಲೀಟರಿನ ಎಂಜಿನ್ನನ್ನು ಕೂಡಿಸಿದರು. ೧೯೩೨ರ ಸೆಪ್ಟೆಂಬರ್ ೨೪ರಂದು ಮೊದಲ ಸರದಿಯನ್ನು ಜಾಕ್ ಡನ್‌ಫೀ ಮುಗಿಸಿ ಇಳಿದನು. ಅವನ ತಮ್ಮ ಕ್ಲೈವ್ ಡನ್‌ಫೀ ಪೀಠವನ್ನು ಏರಿದನು. ಸ್ವಲ್ಪ ಹೊತ್ತಿನಲ್ಲಿಯೇ, ಎತ್ತರದ ತಿರುವಿನಲ್ಲಿ ಗಾಡಿಯ ಚಕ್ರವು ಕಣದ ಮೇಲಂಚನ್ನು ದಾಟಿತು. ಟನ್ನುಗಟ್ಟಲೆ ಭಾರದ ಆ ಯಂತ್ರವು ಅಂಚಿನಿಂದಾಚೆಗೆ ಹಾರಿ, ಮರಗಳ ನಡುವೆ ನುಗ್ಗಿ ಕೆಳಕ್ಕೆ ಬಿದ್ದಿತು. ಕ್ಲೈವ್ ಡನ್‌ಫೀ ಅಲ್ಲಿಯೇ ಪ್ರಾಣ ಬಿಟ್ಟನು. ತಾನು ಬಿಟ್ಟುಕೊಟ್ಟ ಪೀಠದಲ್ಲಿ ತಮ್ಮನು ಮಡಿದುದನ್ನು ಅಣ್ಣನು ಕಾಣಬೇಕಾಯಿತು.

ಈ ಗಾಡಿಯ ಸುತ್ತ ಇದ್ದವರಲ್ಲಿ ಹಲವರ ಆಯುಸ್ಸು ಹ್ರಸ್ವವಾಗಿದ್ದಿತು. ಕಿಡ್‌ಸ್ಟನ್ನನು ೧೯೩೧ರಲ್ಲಿ ದಕ್ಷಿಣ ಆಫ್ರಿಕದ ವಿಮಾನ ಅಪಘಾತವೊಂದರಲ್ಲಿ ಸತ್ತಿದ್ದನು. ಬರ್ಕಿನ್ನನು ೧೯೩೩ರಲ್ಲಿ ಟ್ರಿಪೊಲಿಯ ಪಂದ್ಯದ ನಂತರ ಜ್ವರ ಹಿಡಿದು ಕೆಲವೇ ವಾರಗಳಲ್ಲಿ ತೀರಿಕೊಂಡನು. ಬಾರ್ನಾಟೋ ೧೯೪೮ರವರೆಗೆ ಬದುಕಿದ್ದನು. ಮನುಷ್ಯರು ಒಬ್ಬೊಬ್ಬರಾಗಿ ಹೋದರು. ಮುರಿದ ಗಾಡಿಗೆ ಮಾತ್ರ ಮತ್ತೆ ಜೀವ ಬಂದಿತು. ಪಂದ್ಯದ ಮೈಯನ್ನು ಕಳೆದುಕೊಂಡ ಅದಕ್ಕೆ ರಸ್ತೆಯ ಮೇಲೆ ಓಡಾಡಲು ತಕ್ಕ ಬೇರೊಂದು ಮೈಯನ್ನು ತೊಡಿಸಿದರು. ಕೈಯಿಂದ ಕೈಗೆ ಹೋಗುತ್ತ, ಕಾಲಾಂತರದಲ್ಲಿ ಅದು ಲ ಮಾನಿನ ದಿನಗಳ ತೆರೆದ ಮೈಯ ರೂಪಕ್ಕೆ ಮರಳಿತು. ಹೀಗೆ ಮರಳಿದ ಗಾಡಿಯೇ ೧೯೯೦ರಲ್ಲಿ ಮಾರಾಟಕ್ಕೆ ಬಂದುದು.

ಗಾಡಿಯಲ್ಲಿ ಗಾಡಿ ಯಾವುದು?

ಪಂದ್ಯದ ಗಾಡಿಯೆಂದರೆ ವಸ್ತುಸಂಗ್ರಹಾಲಯದ ವಿಗ್ರಹವಲ್ಲ. ಪ್ರತಿಯೊಂದು ಓಟದ ಬಳಿಕ ಅದನ್ನು ಬಿಚ್ಚುತ್ತಾರೆ. ಸವೆದುದನ್ನು ಎಸೆಯುತ್ತಾರೆ, ಬಿರುಕು ಬಿಟ್ಟುದನ್ನು ಬದಲಿಸುತ್ತಾರೆ, ಅವಸರವಾದರೆ ಪಕ್ಕದ ಗಾಡಿಯ ಭಾಗವನ್ನು ತೆಗೆದು ಇದಕ್ಕೆ ಜೋಡಿಸುತ್ತಾರೆ. ನಾಳೆ ಬೆಳಗಿನ ಪಂದ್ಯವೇ ಕಣ್ಣಮುಂದಿರುವ ಯಂತ್ರಕಾರನಿಗೆ ಅರುವತ್ತು ವರ್ಷಗಳ ನಂತರ ಬರಲಿರುವ ವಕೀಲರ ಚಿಂತೆ ಇರುವುದಿಲ್ಲ. ಅವನು ಮಾಡಿದ ಕೆಲಸವೆಲ್ಲ ದಾಖಲೆಗೆ ಬರುವುದೂ ಇಲ್ಲ.

ಇದು ಇಂಗ್ಲೆಂಡಿಗೆ ಮಾತ್ರ ಸಲ್ಲುವ ಸಮಸ್ಯೆಯಲ್ಲ. ಹನೂರಿನ ಕಡೆಯ ಒಬ್ಬ ರೈತನ ಎತ್ತಿನ ಗಾಡಿಯನ್ನೇ ನೆನೆದುಕೊಳ್ಳಬಹುದು. ಅದು ಅವನ ಅಪ್ಪ ಮಾಡಿಸಿದುದು. ಅಪ್ಪನ ಕಾಲದಲ್ಲಿಯೇ ಎರಡು ಬಾರಿ ಚಕ್ರದ ಅರಗಳನ್ನು ಬದಲಿಸಿದ್ದಾಯಿತು. ಅನಂತರ ಅಚ್ಚು ಮುರಿಯಿತು, ಹೊಸದನ್ನು ಹಾಕಿಸಿದರು. ಮೂಕಿ ಸೀಳಿತು; ಆಚಾರಿಯು ಬೇರೊಂದು ಕೆತ್ತಿಕೊಟ್ಟನು. ನೊಗವು ಎಷ್ಟನೆಯದೋ, ಕಡಾಣಿಯು ಎಷ್ಟನೆಯದೋ ಲೆಕ್ಕವಿಲ್ಲ. ಆದರೂ ಮಹದೇಶ್ವರನ ಬೆಟ್ಟದ ಜಾತ್ರೆಗೆ ಅದನ್ನು ಹೂಡಿ ಹೊರಟಾಗ ಕೇಳಿದರೆ, ಅದು ತನ್ನ ಅಪ್ಪನ ಗಾಡಿ ಎಂದೇ ಅವನು ಹೇಳುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಆ ಗಾಡಿಯಿಂದ ಕಳಚಿದ ಹಳೆಯ ಹಲಗೆಗಳನ್ನೆಲ್ಲ ಕೂಡಿಹಾಕಿದ್ದ ಆಚಾರಿಯು ಅವುಗಳಿಂದ ಇನ್ನೊಂದು ಗಾಡಿಯನ್ನು ಜೋಡಿಸಿ, ಇದೇ ನಿಮ್ಮ ಅಪ್ಪನ ಗಾಡಿ ಎಂದು ತಂದು ನಿಲ್ಲಿಸಿದರೆ? ಮರವು ಹಳೆಯದು, ಗಾಡಿಯು ಹೊಸದು. ಆಗ ರೈತನ ಮನಸ್ಸಿನಲ್ಲಿ ಹುಟ್ಟುವ ಗೊಂದಲವೇ ನ್ಯಾಯಾಲಯದ ಮುಂದಿದ್ದ ಗೊಂದಲ.

ಕನ್ನಡದ ಹಳೆಯ ಕಾವ್ಯಗಳ ವಿಷಯದಲ್ಲಿಯೂ ಇಂಥದೇ ಒಂದು ನಿದರ್ಶನವಿದೆ. ಪಂಪನು ಹತ್ತನೆಯ ಶತಮಾನದಲ್ಲಿ ತನ್ನ ಕೈಯಿಂದ ಬರೆದ ಓಲೆಗರಿ ಒಂದೂ ನಮಗೆ ಉಳಿದು ಬಂದಿಲ್ಲ. ಗರಿಯು ನಶಿಸುವ ಮುನ್ನ ಒಬ್ಬ ಲಿಪಿಕಾರನು ಅದನ್ನು ಪ್ರತಿ ಮಾಡಿದನು. ಆ ಪ್ರತಿಯಿಂದ ಮತ್ತೊಬ್ಬನು. ಹಾಗಿದ್ದರೂ ನಾವು ಓದುವುದು ಪಂಪನ ಕಾವ್ಯವನ್ನೇ. ಆದರೆ ಪ್ರತಿಕಾರನೊಬ್ಬನು ನಡುವೆ ತನ್ನ ಪದ್ಯಗಳನ್ನು ಸೇರಿಸಿ ಸುಮ್ಮನಿದ್ದರೆ, ಅದನ್ನು ಪ್ರಕ್ಷಿಪ್ತವೆಂದು ಗುರುತಿಸಿ ತೆಗೆಯಲು ವಿದ್ವಾಂಸರು ಶ್ರಮಿಸಬೇಕಾಗುತ್ತದೆ. ಪ್ರತಿ ಮಾಡುವುದು ದೋಷವಲ್ಲ, ಮರೆಮಾಚುವುದು ದೋಷ.

ನ್ಯಾಯಮೂರ್ತಿಯ ತಕ್ಕಡಿ

ಮತ್ತೆ ನ್ಯಾಯಾಲಯಕ್ಕೆ ಬರೋಣ. ವ್ಯಾಜ್ಯದ ಹೆಸರು ‘ಹಬರ್ಡ್ ವಿರುದ್ಧ ಮಿಡಲ್‌ಬ್ರಿಜ್ ಸಿಮಿಟಾರ್ ಲಿಮಿಟೆಡ್’. ಈ ಪ್ರತಿವಾದಿ ಕಂಪನಿಗೂ ನಮ್ಮ ಬೆಂಗಳೂರಿಗೂ ದೂರದ ಒಂದು ನಂಟುಂಟು. ಇಂಗ್ಲೆಂಡಿನ ರಿಲಯಂಟ್ ಎಂಬ ಸಂಸ್ಥೆಯು ತಯಾರಿಸುತ್ತಿದ್ದ ‘ಸಿಮಿಟಾರ್’ ಎಂಬ ಕ್ರೀಡಾ ಗಾಡಿಯ ಹಕ್ಕನ್ನು ಕೊಂಡುಕೊಂಡಿದ್ದುದು ಈ ಕಂಪನಿ. ಅದೇ ರಿಲಯಂಟ್ ಸಂಸ್ಥೆಯ ‘ಕಿಟನ್’ ಎಂಬ ಪುಟ್ಟ ಗಾಡಿಯ ರೂಪಾಂತರವನ್ನೇ ಬೆಂಗಳೂರಿನ ಸಿಪಾನಿ ಕಂಪನಿಯು ೧೯೮೦ರ ದಶಕದಲ್ಲಿ ‘ಡಾಲ್ಫಿನ್’ ಎಂಬ ಹೆಸರಿನಿಂದ ತಯಾರಿಸಿ ಮಾರಿತು. ಗಾಜುನಾರಿನ ಮೈಯ ಆ ಎರಡು ಬಾಗಿಲಿನ ಗಾಡಿಯು ಹಿರಿಯ ವಾಚಕರ ನೆನಪಿನಲ್ಲಿ ಇದ್ದೀತು.

ನ್ಯಾಯಮೂರ್ತಿ ಆಟನ್ ಅವರು ತಜ್ಞರ ಸಾಕ್ಷ್ಯವನ್ನು ಕೇಳಿ ೧೯೯೦ರ ಜುಲೈ ೨೭ರಂದು ತೀರ್ಪನ್ನು ಕೊಟ್ಟರು. ಅವರು ಮೊದಲು ಮಾಡಿದುದು ಲೆಕ್ಕ. ೧೯೨೯ರ ಪಂದ್ಯವನ್ನು ಗೆದ್ದ ಗಾಡಿಯಿಂದ ಉಳಿದಿರುವುದು ಏನು? ಕಾಲವನ್ನು ನಿರ್ಧರಿಸಲಾಗದ ಸಣ್ಣಪುಟ್ಟ ಜೋಡಣೆಗಳನ್ನು ಬಿಟ್ಟರೆ ಏನೂ ಇಲ್ಲ. ೧೯೩೦ರಲ್ಲಿ ಗೆದ್ದ ಗಾಡಿಯಿಂದ? ತುಳಿಗೆಗಳ ದಂಡ, ಗೇರುಪೆಟ್ಟಿಗೆಯ ಹೊರಕವಚ, ಸ್ಟೀರಿಂಗಿನ ಕಂಬ. ಇಷ್ಟು ಮಾತ್ರ ಉಳಿದಿವೆಯೆಂದು ನಂಬಬಹುದು. ೧೯೩೨ರಲ್ಲಿ ಬ್ರೂಕ್‌ಲೆಂಡ್ಸಿನ ಅಂಚಿನಿಂದ ಹಾರಿದ ಗಾಡಿಯಿಂದ? ಚಾಸಿಸ್ಸಿನ ಚೌಕಟ್ಟು, ಸ್ಪ್ರಿಂಗುಗಳು, ಅಚ್ಚುಗಳ ಮುಖ್ಯಭಾಗ, ಎಂಟು ಲೀಟರಿನ ಎಂಜಿನ್ನು ಮೊದಲಾದ ಬಹುಭಾಗವು ಉಳಿದಿದೆ.

ಲೆಕ್ಕವು ಇಲ್ಲಿಗೇ ನಿಂತಿದ್ದರೆ ಕೊಳ್ಳುವವರು ಗೆಲ್ಲಬೇಕಾಗಿದ್ದಿತು. ಲ ಮಾನಿನ ಮಣ್ಣನ್ನು ತುಳಿದ ಕಬ್ಬಿಣವು ಒಂದು ಹಿಡಿಯಷ್ಟೂ ಇಲ್ಲದ ಗಾಡಿಗೆ ಲ ಮಾನಿನ ಕೀರ್ತಿ ಹೇಗೆ ಸಲ್ಲಬೇಕು? ಆದರೆ ನ್ಯಾಯಮೂರ್ತಿಗಳು ಪ್ರಶ್ನೆಯನ್ನೇ ತಿದ್ದಿದರು. ಯಾವ ಭಾಗವು ಯಾವಾಗ ಬಂದಿತು ಎಂಬುದಕ್ಕಿಂತ, ಗಾಡಿಯು ಎಂದಾದರೂ ಇಲ್ಲವಾಯಿತೇ ಎಂಬುದನ್ನು ನೋಡಬೇಕು. ೧೯೨೯ರಿಂದ ೧೯೩೨ರವರೆಗೆ ಅದು ಒಂದೇ ಪಂದ್ಯದ ಗಾಡಿಯಾಗಿ ಬಾಳಿತು. ಬದಲಾವಣೆಗಳು ಒಂದೊಂದಾಗಿ ಬಂದವು, ಬರುವಾಗಲೆಲ್ಲ ಹಳೆಯದರೊಡನೆ ಬೆರೆತವು. ಯಾವೊಂದು ದಿನದಲ್ಲಿಯೂ ಹಳೆಯ ಗಾಡಿಯು ಮುಗಿದು ಹೊಸ ಗಾಡಿಯು ಹುಟ್ಟಲಿಲ್ಲ. ಅಪಘಾತವೂ ಆ ಸರಣಿಯನ್ನು ಕಡಿಯಲಿಲ್ಲ. ಅದೇ ಹೆಸರಿಗೆ ಹಕ್ಕು ಸಾಧಿಸುವ ಬೇರೊಂದು ಗಾಡಿಯೂ ಇರಲಿಲ್ಲ. ಆದುದರಿಂದ ಇದೇ ಹಳೆಯ ಒಂದನೇ ನಂಬರು ಎಂದು ಅವರು ನಿರ್ಣಯಿಸಿದರು. ಕೊಳ್ಳುವವರು ಒಪ್ಪಂದದಂತೆ ನಡೆದುಕೊಳ್ಳಬೇಕೆಂಬುದು ತೀರ್ಪು.

ತೀರ್ಪಿನ ಸೂಕ್ಷ್ಮವಿರುವುದು ಮಾತುಗಳ ಆಯ್ಕೆಯಲ್ಲಿ. ಗಾಡಿಯು ‘ಮೂಲ’ವೆಂದು ಅವರು ಹೇಳಲಿಲ್ಲ. ಕಾರ್ಖಾನೆಯಿಂದ ಹೊರಬಿದ್ದ ಸ್ಥಿತಿಯಲ್ಲಿ ಇಲ್ಲದ್ದನ್ನು ಮೂಲವೆನ್ನಲಾಗದು. ಹಾಗೆಂದು ಅದು ‘ಪ್ರತಿಕೃತಿ’ಯೂ ಅಲ್ಲ, ಯಾರೋ ನೋಡಿ ನಕಲು ಮಾಡಿದ ಗಾಡಿಯಲ್ಲ ಅದು. ಎರಡರ ನಡುವೆ ಮೂರನೆಯ ಒಂದು ಸ್ಥಾನವುಂಟು, ಅದು ‘ನೈಜ’. ಬದಲಾಗಿದ್ದರೂ ಬಾಳಿನ ಎಳೆ ಕಡಿಯದ ವಸ್ತುವಿಗೆ ಸಲ್ಲುವ ಸ್ಥಾನ ಅದು. ಮುಪ್ಪಿನ ಮುದುಕನು ತೊಟ್ಟಿಲ ಕೂಸಿನಂತೆ ಇಲ್ಲ. ಆದರೂ ಅವನು ಅವನೇ.

ನೀಲಿ ರೈಲಿನ ಪಾಠ

ಎಳೆಯು ಕಡಿಯದಿದ್ದರೆ ಸಾಲದು, ಅದು ಸರಿಯಾದ ಗಾಡಿಯ ಎಳೆಯೇ ಆಗಿರಬೇಕು. ಇದಕ್ಕೆ ಬಾರ್ನಾಟೋನ ಇನ್ನೊಂದು ಗಾಡಿಯ ಕಥೆಯೇ ಸಾಕ್ಷಿ. ೧೯೩೦ರ ಮಾರ್ಚಿಯಲ್ಲಿ ಅವನು ಫ್ರಾನ್ಸಿನ ದಕ್ಷಿಣ ತೀರದ ಕಾನ್ ಪಟ್ಟಣದಲ್ಲಿದ್ದನು. ಅಲ್ಲಿಂದ ‘ನೀಲಿ ರೈಲು’ ಎಂಬ ಪ್ರಸಿದ್ಧ ಗಾಡಿಯು ಉತ್ತರದ ಕಲೇ ಬಂದರಿಗೆ ಓಡುತ್ತಿದ್ದಿತು. ತಾನು ರೈಲಿನೊಡನೆ ಹೊರಟು, ಅದು ಕಲೇ ಮುಟ್ಟುವ ಮೊದಲೇ ಕಡಲನ್ನೂ ದಾಟಿ ಲಂಡನ್ನಿನ ತನ್ನ ಕ್ಲಬ್ಬಿನಲ್ಲಿ ಇರುತ್ತೇನೆಂದು ಅವನು ನೂರು ಪೌಂಡಿನ ಪಂಥ ಕಟ್ಟಿದನು. ಮಳೆ, ಮಂಜು, ಪಂಕ್ಚರುಗಳನ್ನು ದಾಟಿ, ರೈಲು ಕಲೇ ಸೇರುವುದಕ್ಕೆ ನಾಲ್ಕು ನಿಮಿಷ ಮುಂಚೆ ಅವನು ಕ್ಲಬ್ಬಿನ ಬಾಗಿಲಲ್ಲಿದ್ದನು. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯವಾಡಿದ ತಪ್ಪಿಗೆ ಫ್ರೆಂಚರು ಬೆಂಟ್ಲಿ ಕಂಪನಿಗೆ ದಂಡ ಹಾಕಿ, ಆ ವರ್ಷದ ಪ್ಯಾರಿಸ್ ಪ್ರದರ್ಶನಕ್ಕೂ ಅದನ್ನು ಸೇರಿಸಲಿಲ್ಲ. ನೂರು ಪೌಂಡಿನ ಗೆಲುವು ಕಂಪನಿಗೆ ದುಬಾರಿಯೇ ಆಯಿತು.

ಆ ಸಾಹಸದ ಗಾಡಿ ಯಾವುದು? ಗರ್ನಿ ನಟಿಂಗ್ ಎಂಬ ಕಾರ್ಖಾನೆಯವರು ಮೈ ಕಟ್ಟಿದ, ಇಳಿಜಾರಾದ ಮಾಡಿನ, ಕಣ್ಸೆಳೆಯುವ ಸ್ಪೀಡ್ ಸಿಕ್ಸ್ ಒಂದನ್ನು ಜನರು ದಶಕಗಳ ಕಾಲ ‘ನೀಲಿ ರೈಲಿನ ಬೆಂಟ್ಲಿ’ ಎಂದು ಕೊಂಡಾಡಿದರು. ಚಿತ್ರಕಾರ ಟೆರೆನ್ಸ್ ಕ್ಯೂನಿಯೋ ಅದು ರೈಲಿನ ಪಕ್ಕದಲ್ಲಿ ಧಾವಿಸುವಂತೆ ಚಿತ್ರವನ್ನೂ ಬರೆದನು. ಆದರೆ ದಾಖಲೆಗಳನ್ನು ಕೆದಕಿದವರಿಗೆ ಬೇರೆಯೇ ಸಂಗತಿ ಕಂಡಿತು. ಆ ಸುಂದರವಾದ ಗಾಡಿಯು ಬಾರ್ನಾಟೋನ ಕೈಸೇರಿದುದೇ ಮೇ ತಿಂಗಳಿನಲ್ಲಿ. ಪಂಥವು ಮುಗಿದು ಆಗಲೇ ಎರಡು ತಿಂಗಳಾಗಿದ್ದಿತು! ರೈಲನ್ನು ಸೋಲಿಸಿದುದು ಎಚ್. ಜೆ. ಮಲ್ಲಿನರ್ ಕಾರ್ಖಾನೆಯ ಮೈಯುಳ್ಳ, ನೋಡಲು ಸಾಧಾರಣವಾದ ಮತ್ತೊಂದು ಗಾಡಿ. ಇಲ್ಲಿ ಕಬ್ಬಿಣವೂ ನೈಜ, ಒಡೆಯನೂ ನೈಜ, ಕಥೆಯೊಂದೇ ಅಂಟಿಸಿದುದು. ಹಳೆಯ ಒಂದನೇ ನಂಬರಿನಲ್ಲಿ ಕಬ್ಬಿಣವು ಬದಲಾದರೂ ಕಥೆಯು ಉಳಿದಿದ್ದಿತು. ಎರಡನ್ನೂ ಬೇರ್ಪಡಿಸಿದುದು ಚಿತ್ರವಲ್ಲ, ಜನರ ಬಾಯಿಯಲ್ಲ. ಕಾರ್ಖಾನೆಯ ಒಂದು ದಿನಾಂಕ.

ನಮ್ಮ ಕಟ್ಟಳೆ

ಭಾರತದಲ್ಲಿಯೂ ಈಗ ಈ ಪ್ರಶ್ನೆಗೆ ಕಾನೂನಿನ ರೂಪ ದೊರೆತಿದೆ. ಕೇಂದ್ರದ ರಸ್ತೆ ಸಾರಿಗೆ ಇಲಾಖೆಯು ೨೦೨೧ರ ಜುಲೈಯಲ್ಲಿ ಹಳೆಯ ವಾಹನಗಳಿಗೆಂದು ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಬಾಡಿಗೆಗಲ್ಲದೆ ಸ್ವಂತಕ್ಕೆ ಬಳಸುವ ವಾಹನಗಳಿಗೆ ‘ವಿಎ’ ಎಂಬ ಅಕ್ಷರಗಳುಳ್ಳ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ಇಪ್ಪತ್ತು ಸಾವಿರ ರೂಪಾಯಿ ಶುಲ್ಕ. ಅವಧಿಯು ಹತ್ತು ವರ್ಷ. ಆದರೆ ಒಂದು ಷರತ್ತುಂಟು: ವಾಹನವು ಮೂಲರೂಪದಲ್ಲಿಯೇ ಇರಬೇಕು; ಚಾಸಿಸ್ಸು, ಮೈ, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಬಾರದು. ಲಂಡನ್ನಿನ ನ್ಯಾಯಮೂರ್ತಿಗಳು ಬಾಳಿನ ಎಳೆಯನ್ನು ನೋಡಿದರು. ನಮ್ಮ ನಿಯಮವು ದೇಹವನ್ನು ನೋಡುತ್ತದೆ. ಎರಡು ಬಾರಿ ಲ ಮಾನ್ ಗೆದ್ದ ಗಾಡಿಯು ಈ ಅಳತೆಗೋಲಿನ ಮುಂದೆ ಬಂದು ನಿಂತರೆ ಉತ್ತರ ಹೇಳಲು ತಡವರಿಸಬೇಕಾದೀತು.

ನಿಯಮವು ಕಠಿನವಾಗಿರುವುದಕ್ಕೆ ಕಾರಣವಿಲ್ಲದೆ ಇಲ್ಲ. ಹಳೆಯ ಗಾಡಿಗಳ ಬೆಲೆ ಏರಿದಂತೆಲ್ಲ ಅವುಗಳ ವಂಶಾವಳಿಯನ್ನು ತಿದ್ದುವ ಆಸೆಯೂ ಏರಿತು. ಒಂದು ಗಾಡಿಯ ಎಂಜಿನ್ನು ಒಬ್ಬನಿಗೆ, ಚಾಸಿಸ್ಸು ಮತ್ತೊಬ್ಬನಿಗ ಸೇರಿ, ಇಬ್ಬರೂ ತಮ್ಮದೇ ನಿಜವಾದ ಗಾಡಿಯೆಂದು ವಾದಿಸಿದ ಪ್ರಸಂಗಗಳು ಪ್ರಪಂಚದಲ್ಲಿ ಎಷ್ಟೋ ನಡೆದಿವೆ. ಮುಚ್ಚಿದ ಮೈಯ ಗಂಭೀರವಾದ ಬೆಂಟ್ಲಿಗಳು ಎಷ್ಟೋ ತಮ್ಮ ಮೈಯನ್ನು ಕಳೆದುಕೊಂಡು, ಲ ಮಾನಿನ ವೀರರಂತೆ ವೇಷ ತೊಟ್ಟು ಮೆರೆದಿವೆ. ಮೋಟಾರು ಇಲಾಖೆಯ ಕಚೇರಿಯಲ್ಲಿ ಚಾಸಿಸ್ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಗುರುತು ತೆಗೆಯುವುದನ್ನು ಕಂಡವರು, ಇದೆಂಥ ಮಕ್ಕಳಾಟ ಎಂದು ನಕ್ಕಿರಬಹುದು. ಆದರೆ ಅಜ್ಜನ ಗಾಡಿಗೂ ಮೊಮ್ಮಗನ ಹಕ್ಕಿಗೂ ನಡುವೆ ಹಲವೊಮ್ಮೆ ಉಳಿಯುವ ಸೇತುವೆ ಆ ಉಜ್ಜಿದ ಗುರುತು ಮಾತ್ರ.

ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಗಾಡಿಯೊಂದನ್ನು ಇಟ್ಟುಕೊಂಡಿರುವವರು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಅವರಿಗೆ ಈ ವ್ಯಾಜ್ಯವು ಹೇಳುವ ಬುದ್ಧಿವಾದ ಸುಲಭವಾದುದು. ಜೀರ್ಣೋದ್ಧಾರಕ್ಕೆ ಕೈಯಿಡುವ ಮುನ್ನ ಇರುವ ಸ್ಥಿತಿಯ ಚಿತ್ರ ತೆಗೆದಿಡಬೇಕು. ಕಳಚಿದ ಭಾಗವು ಕೆಟ್ಟಿದ್ದರೂ ಗುಜರಿಗೆ ಹಾಕದೆ ಚೀಟಿ ಕಟ್ಟಿ ಇಡಬೇಕು. ಹೊಸದು ಯಾವುದು, ಯಾವ ವರ್ಷ, ಯಾರು ಮಾಡಿದುದು ಎಂಬುದನ್ನು ಬರೆದಿಡಬೇಕು. ಹಳೆಯ ನೋಂದಣಿ ಪುಸ್ತಕ, ತೆರಿಗೆಯ ಚೀಟಿ, ಕೊಂಡ ರಸೀದಿ, ಇವು ಎಂಜಿನ್ನಿನಷ್ಟೇ ಗಾಡಿಯ ಅಂಗಗಳು. ತುಕ್ಕು ಹಿಡಿದ ತಗಡನ್ನು ಮತ್ತೆ ಬಡಿದು ತರಬಹುದು. ಕಳೆದುಹೋದ ಕಾಗದವನ್ನು ಯಾವ ಕಮ್ಮಾರನೂ ಬಡಿದು ತರಲಾರನು.

ಹಳೆಯ ಒಂದನೇ ನಂಬರಿನ ಯಂತ್ರಕಾರರು ಅಂತಹ ಪುಸ್ತಕವನ್ನು ಇಟ್ಟಿದ್ದರೆ ನ್ಯಾಯಾಲಯಕ್ಕೆ ಅಷ್ಟು ಶ್ರಮವಿರುತ್ತಿರಲಿಲ್ಲ. ಅವರು ಇಡಲಿಲ್ಲ, ಗೆಲ್ಲುವುದೊಂದೇ ಅವರ ಕೆಲಸವಾಗಿದ್ದಿತು, ಅದನ್ನು ಮಾಡಿದರು. ಬಾರ್ನಾಟೋನ ಕೈ ಸೋಕಿದ ಕಬ್ಬಿಣವಾಗಿ ಆ ಗಾಡಿಯಲ್ಲಿ ಇಂದು ತೋರಿಸಬಹುದಾದುದು ಒಂದು ಸ್ಟೀರಿಂಗಿನ ಕಂಬ, ಒಂದು ಪೆಟ್ಟಿಗೆಯ ಕವಚ, ಕಾಲಡಿಯ ಒಂದು ದಂಡ. ಅಷ್ಟರ ಮೇಲೆ ನಿಂತು ಅದು ತನ್ನ ಹೆಸರನ್ನು ಉಳಿಸಿಕೊಂಡಿತು.